ಭಾವ, ಝೀರೋ ಟರ್ನ್ ತಗೊಳ್ಳೋಣ್ವಾ?

ಹೋದ ಭಾನುವಾರ ರಾತ್ರಿ ಹನ್ನೊಂದು ಗಂಟೆಗೆ ನನ್ನ ಭಾವಮೈದ ಒಂದು ವಿಡಿಯೋ ಕಳಿಸಿದ. ಅಮೆರಿಕದ ಯಾರೋ ಒಬ್ಬ ಟೋಪಿ ಹಾಕಿಕೊಂಡು, ಎರಡು ಲಿವರ್ ಹಿಡಿದುಕೊಂಡು, ಮರದ ಸುತ್ತ ಬುಗುರಿ ತಿರುಗಿದ ಹಾಗೆ ತಿರುಗುತ್ತ ಹುಲ್ಲು ಕತ್ತರಿಸುತ್ತಿದ್ದಾನೆ. ಝೀರೋ ಟರ್ನ್ ಅಂತಾರಲ್ಲ, ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ, ಅದು. ವಿಡಿಯೋ ಕೆಳಗೆ ಒಂದೇ ಸಾಲು: 'ಭಾವ, ಇದೊಂದ್ ತಕಂಬುಡನ?'

ಇವನದು ಪಾಂಡವಪುರದ ಹತ್ತಿರ ತೆಂಗಿನ ತೋಟ. ನಡುವೆ ಮನೆ. ಮನೆ ಮುಂದೆ ಮೂವತ್ತು ಗುಂಟೆ ಲಾನು. ಮಗಳ ಆರತಕ್ಷತೆಗೆ ಅಂತ ಹಾಕಿಸಿದ್ದು. ಮದುವೆ ಮುಗಿಯಿತು, ಮಗಳು ಗಂಡನ ಮನೆಗೆ ಹೋದಳು, ಲಾನು ಇವನ ಕೊರಳಿಗೆ ಬಿತ್ತು.

ನನ್ನನ್ನು ಯಾಕೆ ಕೇಳಿದ ಅಂದರೆ, ನಮ್ಮ ಕಡೆಯವರಲ್ಲಿ ಆ ಮಷೀನು ಓಡಿಸಿದವನು ನಾನೊಬ್ಬನೇ. ಕುವೆಂಪುನಗರದ ನಮ್ಮ ಮನೆ ಮುಂದೆ ಇರುವುದು ಎರಡು ಚಾಪೆ ಹಾಸುವಷ್ಟು ಹುಲ್ಲು. ಅದಕ್ಕೆ ದರ್ಜಿಯ ಕತ್ತರಿ ಸಾಕು. ಆದರೆ ಎರಡು ವರ್ಷದ ಹಿಂದೆ ಒಹಾಯೊದಲ್ಲಿ ಮಗಳ ಮನೆಯಲ್ಲಿ ಆರು ತಿಂಗಳಿದ್ದೆ. ಅಲ್ಲಿ ಒಂದೂವರೆ ಎಕರೆ ಲಾನು. ವಾರಕ್ಕೊಮ್ಮೆ ನಾನೇ ಸಾರಥಿ.

ಫೋನಲ್ಲಿ ಹೇಳಿದರೆ ಇವನು ಕೇಳುವ ಆಸಾಮಿ ಅಲ್ಲ. ಇಲ್ಲಿ ಬರೆದರೆ ಅವನ ಹೆಂಡತಿ ಓದುತ್ತಾಳೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಮಷೀನು ಬಹಳ ಚೆನ್ನಾಗಿದೆ. ಮೂವತ್ತು ವರ್ಷ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಗ್ರೀಸು ಮೆತ್ತಿಕೊಂಡವನು ನಾನು. ಒಳ್ಳೆ ಮಷೀನು ಕಂಡರೆ ಕೈ ಮುಗಿಯುತ್ತೇನೆ. ಇದಕ್ಕೆ ಸ್ಟೀರಿಂಗ್ ಚಕ್ರ ಇಲ್ಲ. ಹಿಂದಿನ ಎರಡು ಚಕ್ರಕ್ಕೆ ಒಂದೊಂದು ಹೈಡ್ರಾಲಿಕ್ ಪಂಪು ಮತ್ತು ಮೋಟರು. ಎಡಗೈ ಲಿವರ್ ಎಡ ಚಕ್ರಕ್ಕೆ, ಬಲಗೈದು ಬಲ ಚಕ್ರಕ್ಕೆ. ಎರಡನ್ನೂ ಮುಂದೆ ತಳ್ಳಿದರೆ ಮುಂದೆ, ಎಳೆದುಕೊಂಡರೆ ಹಿಂದೆ. ಮುಂದಿನ ಎರಡು ಚಕ್ರ ಸುಮ್ನೆ ಆಫೀಸು ಕುರ್ಚಿಯ ಚಕ್ರದ ಹಾಗೆ ಎತ್ತ ಬೇಕಾದರೂ ಹೊರಳುತ್ತವೆ.

ಹೊಲ ಉತ್ತವರಿಗೆ ಇದು ಬೇಗ ಅರ್ಥ ಆಗುತ್ತದೆ. ಸಾಲಿನ ತುದಿಯಲ್ಲಿ ನೇಗಿಲು ತಿರುಗಿಸುವಾಗ ಏನು ಮಾಡುತ್ತೇವೆ? ಒಳಗಡೆ ಎತ್ತನ್ನು ತಡೆದು, ಹೊರಗಡೆ ಎತ್ತನ್ನು ಬಿಡುತ್ತೇವೆ. ಅದೇ ಇದು. ಎತ್ತಿಗೆ ಆಗದ ಒಂದು ಕೆಲಸ ಜಾಸ್ತಿ ಮಾಡುತ್ತದೆ, ಅಷ್ಟೇ. ಒಂದು ಚಕ್ರ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಒಟ್ಟಿಗೆ ತಿರುಗಿ, ನಿಂತ ಜಾಗದಲ್ಲೇ ಗಾಡಿ ಸುತ್ತು ಹೊಡೆಯುತ್ತದೆ. 1960ರ ದಶಕದಲ್ಲಿ ಅಮೆರಿಕದ ಕಾನ್ಸಸ್ ರಾಜ್ಯದ ಜಾನ್ ರೆಗಿಯರ್ ಇಂಥದ್ದೊಂದು ಮಾಡಿದರು. ಹಸ್ಟ್ಲರ್ ಅನ್ನುವ ಮೋವರ್ ಬ್ರ್ಯಾಂಡು ಬಂದದ್ದು ಅಲ್ಲಿಂದ. ಕಾನ್ಸಸ್ ಅಂದರೆ ಗೋಧಿ ಹೊಲಗಳ ಮಟ್ಟಸ ನಾಡು. ಈ ಮಟ್ಟಸ ಅನ್ನುವ ಮಾತು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಮಗಳ ಮನೆಗೆ ತಗೊಳ್ಳುವಾಗ ಅಳಿಯಂದಿರಿಗೆ ಅರವತ್ತು ಇಂಚಿನ ಡೆಕ್ ಬೇಕು ಅಂತ ಆಸೆ. ಡೆಕ್ ಅಂದರೆ ಬ್ಲೇಡುಗಳನ್ನು ಮುಚ್ಚಿರುವ ಕೆಳಗಿನ ತಗಡು. ಅದರ ಅಗಲದ ಮೇಲೆ ಒಂದು ಸಲಕ್ಕೆ ಎಷ್ಟು ಹುಲ್ಲು ಕತ್ತರಿಸುತ್ತದೆ ಅನ್ನುವುದು ನಿಂತಿದೆ. 42, 48, 54, 60 ಇಂಚು ಹೀಗೆ ಬರುತ್ತವೆ. ನಾನು ಅಂಗಡಿಗೆ ಹೋಗುವ ಮೊದಲು ಹಿತ್ತಲ ಬೇಲಿಯ ಗೇಟು ಅಳೆದೆ. ನಾಲ್ಕೂವರೆ ಅಡಿ. ಅಂದರೆ 54 ಇಂಚು. ಅರವತ್ತರ ಕಥೆ ಅಲ್ಲಿಗೇ ಮುಗಿಯಿತು. 54 ಕೂಡ ಹೋಗಲ್ಲ, ಯಾಕೆಂದರೆ ಡೆಕ್ಕಿನ ಪಕ್ಕ ಹುಲ್ಲು ಎಸೆಯುವ ರೆಕ್ಕೆ ಒಂದು ಇರುತ್ತದೆ. ಅದನ್ನು ಮೇಲಕ್ಕೆತ್ತಿದರೂ 42 ಅಥವಾ 48ಕ್ಕೆ ಮಾತ್ರ ದಾರಿ. ಅಳಿಯಂದಿರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅಂಗಡಿಯವನು ಹಾರ್ಸ್ ಪವರ್ ಬಗ್ಗೆ ಅರ್ಧ ಗಂಟೆ ಹೇಳಿದ. ಇದರಲ್ಲಿ ಕಡೆಗೆ ನೋಡಬೇಕಾದ್ದು ಅದು. ನಾನು ಮೊದಲು ಡೆಕ್ ಬಡಿದು ನೋಡಿದೆ. ಒಂದೇ ತಗಡನ್ನು ಒತ್ತಿ ಬೋಗುಣಿ ಮಾಡಿದ್ದು ಒಂದು ಜಾತಿ, ದಪ್ಪ ಪ್ಲೇಟುಗಳನ್ನು ಕತ್ತರಿಸಿ ವೆಲ್ಡ್ ಮಾಡಿದ್ದು ಇನ್ನೊಂದು. ಬೇರು, ಕಲ್ಲು ಇರುವ ಕಡೆ ಎರಡನೆಯದೇ ಬಾಳಿಕೆ ಬರುತ್ತದೆ. ಆಮೇಲೆ ಟ್ರಾನ್ಸ್‌ಮಿಷನ್, ಅಂದರೆ ಚಕ್ರ ತಿರುಗಿಸುವ ಆ ಪಂಪು, ಮೋಟರು. ಮನೆಬಳಕೆಯ ಅಗ್ಗದ ಮಾಡೆಲ್ಲುಗಳಲ್ಲಿ ಕೆಲವಕ್ಕೆ ಎಣ್ಣೆ ಬದಲಿಸಲು ಸರಿಯಾದ ದಾರಿಯನ್ನೇ ಇಟ್ಟಿರುವುದಿಲ್ಲ. ಹೋದರೆ ಇಡೀ ಯೂನಿಟ್ಟೇ ಹೊಸದು ಹಾಕಬೇಕು. ಕಡೆಗೆ ಸೀಟು. ಕೂತು ನೋಡಿ, ಸುಮ್ನೆ ಐದು ನಿಮಿಷ. ಗಾಡಿಗೆ ಸಸ್ಪೆನ್ಷನ್ ಇಲ್ಲದಿದ್ದರೆ ಲಾನಿನ ಪ್ರತಿ ಗುಂಡಿಯೂ ನೇರ ಸೊಂಟಕ್ಕೆ ಬರುತ್ತದೆ. ಕೊನೆಗೆ ನಲವತ್ತೆಂಟು ಇಂಚಿನದೊಂದು ತಗೊಂಡೆವು. ಬೆಲ್ಟು, ಬ್ಲೇಡು ಸಿಗುವ ಅಂಗಡಿ ಮನೆಯಿಂದ ಕಾಲು ಗಂಟೆ ದೂರ. ನಾನು ಆ ಅಂಗಡಿ ನೋಡಿಯೇ ಮಷೀನು ಆರಿಸಿದ್ದು ಅಂದರೂ ತಪ್ಪಲ್ಲ.

ಮೊದಲ ದಿನ ಏನಾಯಿತು ಅಂತ ಮಗಳು ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ಸಾಲಿನ ತುದಿಯಲ್ಲಿ ಒಳಗಿನ ಚಕ್ರ ನಿಲ್ಲಿಸಿ ಗಿರಕ್ಕನೆ ತಿರುಗಿಸಿದೆ. ನಿಂತ ಚಕ್ರ ಹುಲ್ಲನ್ನು ಬೇರು ಸಮೇತ ಅರೆದು ಹಾಕಿತು. ಸಂಜೆ ನೋಡಿದರೆ ಲಾನಿನ ಅಂಚಿಗೆ ದೋಸೆ ಹಂಚು ಇಟ್ಟ ಹಾಗೆ ಗುಂಡಗೆ ಹನ್ನೊಂದು ಮಣ್ಣಿನ ಮಚ್ಚೆ. ತಿರುಗಿಸುವಾಗ ಎರಡೂ ಚಕ್ರ ಅಷ್ಟಿಷ್ಟು ಉರುಳುತ್ತಲೇ ಇರಬೇಕು, ಬೇಕಾದರೆ ಸ್ವಲ್ಪ ಹಿಂದೆ ಬಂದು ತಿರುಗಿಸಬೇಕು. ವಿಡಿಯೋದವನು ಬುಗುರಿ ಆಡುತ್ತಾನಲ್ಲ, ಅದು ಮಾರೋದಕ್ಕೆ. ಲಾನಿಗಲ್ಲ.

ಈಗ ಪಾಂಡವಪುರಕ್ಕೆ ಬರೋಣ.

ಲೆಕ್ಕ ಮೊದಲು. ಅಗಲ ಇಂಚಿನಲ್ಲಿ, ವೇಗ ಗಂಟೆಗೆ ಮೈಲಿಯಲ್ಲಿ. ಎರಡನ್ನೂ ಗುಣಿಸಿ ನೂರರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಎಕರೆ ಅಂತ ಬರುತ್ತದೆ. ತಿರುಗೋದು, ಸಾಲಿನ ಮೇಲೆ ಸಾಲು ಬೀಳೋದು ಅಂತ ಐದರಲ್ಲಿ ಒಂದು ಪಾಲು ಕಳೆಯಿರಿ. 42 ಇಂಚಿನ ಝೀರೋ ಟರ್ನ್ ಐದು ಮೈಲಿ ವೇಗದಲ್ಲಿ ಹೋದರೆ ಗಂಟೆಗೆ ಒಂದೂಮುಕ್ಕಾಲು ಎಕರೆಗೆ ಸ್ವಲ್ಪ ಕಡಿಮೆ. ಇವನ ಮೂವತ್ತು ಗುಂಟೆ ಅರ್ಧ ಗಂಟೆಯ ಒಳಗೆ ಮುಗಿಯುತ್ತದೆ. ಹಿಂದೆ ನಡೆದುಕೊಂಡು ಹೋಗುವ, ತಾನೇ ಎಳೆದುಕೊಂಡು ಹೋಗುವ 21 ಇಂಚಿನ ಮೋವರ್ ಆದರೆ ಒಂದೂವರೆ ಗಂಟೆ. ಉಳಿಯೋದು ಒಂದು ಗಂಟೆ. ಆ ಒಂದು ಗಂಟೆಗೆ ಒಂದು ಹೊಸ ಸಣ್ಣ ಕಾರಿನ ದುಡ್ಡು. ಅಷ್ಟು ಅಂತ ಅವನೇ ವಿಚಾರಿಸಿಕೊಂಡು ಬಂದಿದ್ದಾನೆ. ಆ ಒಂದು ಗಂಟೆಯಲ್ಲಿ ಇವನು ಏನು ಮಾಡುತ್ತಾನೆ ಅಂತ ನನಗೆ ಗೊತ್ತು. ಇಂಥವೇ ವಿಡಿಯೋ ನೋಡುತ್ತಾನೆ.

ದುಡ್ಡು ಅವನದು, ಬಿಡಿ. ನನಗೆ ನಿಜವಾಗಿ ಹೆದರಿಕೆ ಇರುವುದು ಲಾನಿನ ಪೂರ್ವದ ಅಂಚು. ಅಲ್ಲಿ ನೆಲ ಇಳಿಜಾರಾಗಿ ಕಾಲುವೆಗೆ ಹೋಗಿ ಸೇರುತ್ತದೆ. ಈ ಗಾಡಿಯನ್ನು ಹದಿನೈದು ಡಿಗ್ರಿಗಿಂತ ಜಾಸ್ತಿ ಇಳಿಜಾರಿನಲ್ಲಿ ಓಡಿಸಬೇಡಿ, ನೀರಿನ ದಂಡೆಯಿಂದ ದೂರ ಇರಿ ಅಂತ ಕೈಪಿಡಿಗಳಲ್ಲೇ ಬರೆದಿರುತ್ತಾರೆ. ಕಾರಣ ಸರಳ. ತಿರುಗಿಸುವುದೂ ಹಿಂದಿನ ಚಕ್ರ, ನಿಲ್ಲಿಸುವುದೂ ಹಿಂದಿನ ಚಕ್ರ. ಒದ್ದೆ ಹುಲ್ಲಿನ ಮೇಲೆ ಆ ಎರಡು ಚಕ್ರ ಜಾರಿದವು ಅಂದರೆ ಎರಡೂ ಹೋಯಿತು. ಮುಂದಿನ ಚಕ್ರಗಳು ಇಳಿಜಾರು ಎಲ್ಲಿಗೆ ಕರೆದರೆ ಅಲ್ಲಿಗೆ ಹೊರಳುತ್ತವೆ. ಬಹುತೇಕ ಮನೆ ಮಾಡೆಲ್ಲುಗಳಲ್ಲಿ ಒತ್ತಲು ಬ್ರೇಕ್ ಪೆಡಲ್ಲು ಕೂಡ ಇರುವುದಿಲ್ಲ. ಮಗುಚಿದರೆ ಕೆಳಗೆ ನೀವು, ಮೇಲೆ ಗಾಡಿ. ನೀರಿದ್ದರೆ ಕೇಳೋದೇ ಬೇಡ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು ಮೂವತ್ತು ಜನ ಹೋದರು. ಅವನ ಊರಿನ ಕಡೆಯವರಿಗೆ ನೀರಿನ ಅಂಚು ಏನು ಅಂತ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಹೇಳುತ್ತಿದ್ದೇನೆ.

ಇನ್ನು ತೆಂಗಿನ ಮರ. ಲಾನಿನ ಸುತ್ತ ಇಪ್ಪತ್ತಾರು. ದಿನಾ ಏನಾದರೂ ಬೀಳುತ್ತಲೇ ಇರುತ್ತದೆ. ಗರಿ, ಮಟ್ಟೆ, ಹೊಂಬಾಳೆ, ಹರಳು, ಇಲಿ ಕಚ್ಚಿದ ಎಳನೀರು. ಬ್ಲೇಡಿನ ತುದಿ ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ತಿರುಗುತ್ತದೆ. ಅದಕ್ಕೆ ಸಿಕ್ಕ ಕಲ್ಲು ಎಲ್ಲಿ ಹೋಗಿ ಹೊಡೆಯುತ್ತದೆ ಅಂತ ಯಾರಿಗೂ ಗೊತ್ತಾಗಲ್ಲ. ಮೊದಲು ಆರಿಸಬೇಕು, ಆಮೇಲೆ ಹತ್ತಬೇಕು. ಆರಿಸುವ ಕೆಲಸಕ್ಕೆ ಯಾವ ಮಷೀನೂ ಇಲ್ಲ. ಅಲ್ಲಿಗೆ ಉಳಿದ ಒಂದು ಗಂಟೆಯೂ ಹೋಯಿತು.

ಪೆಟ್ರೋಲಿನ ವಿಷಯ ಯಾರೂ ಯೋಚನೆ ಮಾಡಲ್ಲ. ಅಮೆರಿಕದ ಈ ಸಣ್ಣ ಎಂಜಿನ್ನುಗಳ ಕೈಪಿಡಿಯಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಎಥನಾಲ್ ಇರುವ ಪೆಟ್ರೋಲ್ ಬಳಸಬೇಡಿ ಅಂತ ಇರುತ್ತದೆ. ನಮ್ಮ ಬಂಕುಗಳಲ್ಲಿ ಈಗ ಬರುತ್ತಿರುವುದು ನೂರಕ್ಕೆ ಇಪ್ಪತ್ತು ಬೆರೆಸಿದ್ದು. ಎಥನಾಲ್ ನೀರು ಹೀರಿಕೊಳ್ಳುತ್ತದೆ. ಎರಡು ತಿಂಗಳು ನಿಲ್ಲಿಸಿದ ಗಾಡಿಯ ಕಾರ್ಬ್ಯುರೇಟರ್ ಬಿಚ್ಚಿ ನೋಡಿದವರಿಗೆ ಅದರ ಅವಸ್ಥೆ ಗೊತ್ತು. ನಮ್ಮ ಗಾಡಿ ನಿಲ್ಲುವುದು ಎರಡಲ್ಲ, ಐದು ತಿಂಗಳು. ಡಿಸೆಂಬರ್ ಕಳೆದರೆ ಗರಿಕೆ ಒಣಗಿ ಮಲಗುತ್ತದೆ. ಮಳೆ ಬಿದ್ದ ಮೇಲೆ ಏಳೋದು. ಅಷ್ಟರಲ್ಲಿ ಶೆಡ್ಡಿನ ಇಲಿಗಳು ವೈರಿಂಗ್ ಮುಗಿಸಿರುತ್ತವೆ. ಕಬ್ಬು ಬೆಳೆಯುವ ಜಿಲ್ಲೆಯವನು, ಕಬ್ಬಿನ ಎಥನಾಲ್‌ನಿಂದಲೇ ಗಾಡಿ ಕೆಡಿಸಿಕೊಂಡು ಕೂರುವುದು ಚೆನ್ನಾಗಿರಲ್ಲ. ಬ್ಯಾಟರಿಯವೂ ಬಂದಿವೆ. ಅದಕ್ಕೆ ಪೆಟ್ರೋಲಿನ ತಲೆನೋವಿಲ್ಲ. ಆದರೆ ಬ್ಯಾಟರಿ ಕೆಟ್ಟರೆ ಪಾಂಡವಪುರದಲ್ಲಿ ಯಾರ ಹತ್ತಿರ ಹೋಗುವುದು?

ಬೇಸಿಗೆಯಲ್ಲೂ ಹಸಿರಾಗಿಯೇ ಇಟ್ಟುಕೊಳ್ಳುತ್ತೇನೆ ಅಂತಾನೆ. ವಾರಕ್ಕೆ ಒಂದು ಇಂಚು ನೀರು ಅಂದರೆ ಒಂದು ಗುಂಟೆಗೆ ಎರಡೂವರೆ ಸಾವಿರ ಲೀಟರ್ ದಾಟುತ್ತದೆ. ಮೂವತ್ತು ಗುಂಟೆಗೆ ವಾರಕ್ಕೆ 77 ಸಾವಿರ. ಗರಿಕೆಗೆ ಅದರ ಅರ್ಧ ಸಾಕು ಅಂದುಕೊಳ್ಳಿ. ಪಕ್ಕದ ಗದ್ದೆಯವರು ನಾಲೆ ನೀರಿಗೆ ಕಾಯುತ್ತ ಕೂತಿರುವಾಗ ಇವನು ಲಾನಿಗೆ ಸ್ಪ್ರಿಂಕ್ಲರ್ ಬಿಟ್ಟರೆ ಊರಲ್ಲಿ ತಲೆ ಎತ್ತಿ ಓಡಾಡೋಕಾಗುತ್ತಾ?

ಇಷ್ಟೆಲ್ಲ ಬದಿಗಿಡಿ. ನನ್ನ ಮುಖ್ಯ ತಕರಾರು ಬೇರೆ.

ಈಗ ಆ ಲಾನಿನ ಹುಲ್ಲು ಯಾರು ಕೊಯ್ಯುತ್ತಿದ್ದಾರೆ? ತೋಟ ನೋಡಿಕೊಳ್ಳುವ ಗಂಡ ಹೆಂಡತಿ. ಕುಡುಗೋಲಲ್ಲಿ ಒಂದಿಷ್ಟು, ಬ್ರಷ್ ಕಟ್ಟರಿನಲ್ಲಿ ಒಂದಿಷ್ಟು. ಕೊಯ್ದಿದ್ದು ಹೊರೆ ಕಟ್ಟಿ ಮನೆಗೆ ಒಯ್ಯುತ್ತಾರೆ. ಅವರಿಗೆ ಎರಡು ಹಸು. ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತಾರೆ. ಆ ಲಾನು ಇವನ ಕಣ್ಣಿಗೆ ಲಾನು. ಅವರ ಲೆಕ್ಕದಲ್ಲಿ ಮೇವು. ಸಂಬಳ ಕಡಿಮೆ ಇದ್ದರೂ ಇವರ ತೋಟ ಬಿಟ್ಟು ಹೋಗದೆ ಇರುವುದಕ್ಕೆ ಆ ಹುಲ್ಲೂ ಒಂದು ಕಾರಣ. ಇದನ್ನು ಆ ಹೆಂಗಸೇ ನನ್ನ ಹೆಂಡತಿಗೆ ಹೇಳಿದ್ದು. ಇವನಿಗೆ ಹೇಳಿಲ್ಲ.

ಝೀರೋ ಟರ್ನ್ ಹುಲ್ಲನ್ನು ಪುಡಿ ಮಾಡಿ ಎಸೆಯುತ್ತದೆ. ಒಹಾಯೊದಲ್ಲಿ ಅದು ಒಳ್ಳೆಯದೇ, ನೆಲಕ್ಕೆ ಗೊಬ್ಬರವಾಗುತ್ತದೆ. ಇಲ್ಲಿ ಆ ಪುಡಿಯನ್ನು ಗುಡಿಸಿ ಹಸುವಿಗೆ ಹಾಕುತ್ತೇನೆ ಅಂದರೆ ಆಗಲ್ಲ. ಗುಡ್ಡೆ ಹಾಕಿದ ಕೆಲವೇ ಗಂಟೆಗಳಲ್ಲಿ ಒಳಗೆ ಬಿಸಿಯಾಗಿ ಹುಳಿ ಬರುತ್ತದೆ. ಹಸು ಅದನ್ನು ಗಬಗಬ ತಿಂದರೆ ಹೊಟ್ಟೆ ಉಬ್ಬರಿಸಿಕೊಳ್ಳುವ ಭಯ. ಅಂದರೆ ಇವನು ಗಾಡಿ ತಂದ ದಿನ ಆ ಮನೆಯ ಮೇವು ನಿಂತಿತು. ಅವರು ಬಿಟ್ಟು ಹೋದರೆ ಇಪ್ಪತ್ತಾರು ಮರದ ಮಟ್ಟೆ ಆರಿಸುವವರು ಯಾರು? ಝೀರೋ ಟರ್ನ್ ಮೇಲೆ ಕೂತ ನನ್ನ ಭಾವಮೈದನೇ?

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ, ನಾನಾಗಿದ್ದರೆ ಮನೆಗೆ ತಾಗಿದ ಎಂಟು ಗುಂಟೆ ಮಾತ್ರ ಲಾನು ಅಂತ ಇಟ್ಟುಕೊಳ್ಳುತ್ತಿದ್ದೆ. ಅದಕ್ಕೆ 21 ಇಂಚಿನ ಮೋವರ್ ಒಂದು. ವಾರಕ್ಕೆ ಅರ್ಧ ಗಂಟೆ ನಡೆದರೆ ಇವನ ಶುಗರ್ರಿಗೂ ಒಳ್ಳೆಯದು. ಮಿಕ್ಕ ಇಪ್ಪತ್ತೆರಡು ಗುಂಟೆ ಉದ್ದ ಬೆಳೆಯಲಿ, ಕುಡುಗೋಲಿಗೆ ಬಿಡಲಿ. ಕಾಲುವೆ ಕಡೆಯ ಇಳಿಜಾರಿನಲ್ಲಿ ಯಾವ ಚಕ್ರವೂ ಬೇಡ.

ಮೈಸೂರಿನ ಸುತ್ತ ಮುತ್ತ ಎರಡು ಮೂರು ಎಕರೆ ಮಟ್ಟಸ ಲಾನು ಇಟ್ಟುಕೊಂಡಿರುವವರು, ನಡುವೆ ಮರಗಿಡ, ಹೂವಿನ ಪಾತಿ ಇರುವವರು ಇದ್ದೀರಿ. ನೀವು ಧಾರಾಳವಾಗಿ ತಗೊಳ್ಳಿ. ಅಂಥ ಜಾಗಕ್ಕೇ ಈ ಗಾಡಿ ಹುಟ್ಟಿದ್ದು. ಸೀಟಿನಿಂದ ಎದ್ದ ತಕ್ಷಣ ಬ್ಲೇಡು ನಿಲ್ಲಿಸುವ ಸ್ವಿಚ್ಚು ಒಂದಿರುತ್ತದೆ. ನಮ್ಮ ಮೆಕ್ಯಾನಿಕ್ಕುಗಳು ಮೊದಲ ಸರ್ವೀಸಿನಲ್ಲೇ ಅದನ್ನು 'ಕಿರಿಕಿರಿ ಸಾರ್' ಅಂತ ವೈರು ಜೋಡಿಸಿ ಬಿಟ್ಟುಬಿಡುತ್ತಾರೆ. ಅದಕ್ಕೆ ಮಾತ್ರ ಕೈ ಹಾಕಲು ಬಿಡಬೇಡಿ.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ಅವನ ಫೋನು ಬಂತು. ಕಾಲುವೆ ವಿಷಯ, ಹಸುವಿನ ವಿಷಯ ಎಲ್ಲ ಹೇಳಿದೆ. ಹೂಂ ಹೂಂ ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಭಾವ, ಸರಿ ಕಣಿ. ಮೂವತ್ತು ಗುಂಟೆಗೆ ದಂಡ ಅಂತೀರಲ್ಲ, ಆ ಕಡೆ ಬಾಳೆ ಕಿತ್ತಾಕಿ ಲಾನನ್ನೇ ಒಂದೂವರೆ ಎಕರೆ ಮಾಡ್ಬುಟ್ರೆ?' ಅಂದ.

ನಾಳೆ ಟೇಪು ಹಿಡಿದುಕೊಂಡು ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ. ತೋಟದ ಒಳಗಿನ ಗೇಟು ಆರು ಅಡಿ ಇದೆ ಅಂತಾನೆ. ನಾನು ನೋಡಿದ ನೆನಪಿನಲ್ಲಿ ಮೂರೂವರೆ.