ಕರಪತ್ರಕ್ಕಿಂತ ಮೊದಲೇ ಗುಂಡು ಹಾರಿತ್ತು

ಥಾಮಸ್ ಪೇನ್‌ನ 'ಕಾಮನ್ ಸೆನ್ಸ್' ಕರಪತ್ರವೇ ಬ್ರಿಟಿಷರ ವಿರುದ್ಧದ ಅಮೆರಿಕದ ಕ್ರಾಂತಿಗೆ ಕಿಡಿ ಹಚ್ಚಿತು ಎಂದು ನಾನು ಓದಿದ ಒಂದು ಬರಹದ ಲೇಖಕರು ಬರೆದಿದ್ದಾರೆ. ಇದು ಸ್ವಲ್ಪ ಜಾಸ್ತಿಯಾಯ್ತು. ಅದು ಅಚ್ಚಾಗಿದ್ದು 1776ರ ಜನವರಿಯಲ್ಲಿ. ಲೆಕ್ಸಿಂಗ್ಟನ್‌ ಊರಿನಲ್ಲಿ ಬ್ರಿಟಿಷ್ ಸೈನಿಕರಿಗೂ ಅಮೆರಿಕನ್ನರಿಗೂ ಹೊಡೆದಾಟ ಶುರುವಾಗಿ, ಗುಂಡು ಹಾರಿ ಆಗಲೇ ಹೆಚ್ಚುಕಡಿಮೆ ಒಂಬತ್ತು ತಿಂಗಳಾಗಿತ್ತು.

ತಮಾಷೆ ಏನಂದ್ರೆ, ಹೊಡೆದಾಟ ಶುರುವಾದ ಮೇಲೂ ಬಹಳ ಜನ ಬೈಯುತ್ತಿದ್ದದ್ದು ಬ್ರಿಟನ್ನಿನ ಪಾರ್ಲಿಮೆಂಟನ್ನು, ಮಂತ್ರಿಗಳನ್ನು. ರಾಜ ಮಾತ್ರ ಒಳ್ಳೆಯವನು! ಪೇನ್ ಕೈ ಹಾಕಿದ್ದು ಅಲ್ಲಿಗೇ. ರಾಜಮನೆತನದ ಮೂಲಪುರುಷ, ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ವಿಲಿಯಂ, ದರೋಡೆಕೋರರನ್ನು ಕಟ್ಟಿಕೊಂಡು ಬಂದವನು ಎಂದು ಜರಿದ. ಒಂದು ದ್ವೀಪ ಇಡೀ ಖಂಡವನ್ನು ಆಳುವುದು ಯಾವ ನ್ಯಾಯ ಎಂದು ಕೇಳಿದ. ಲ್ಯಾಟಿನ್ ಕಾಟ ಇಲ್ಲ, ಜನಕ್ಕೆ ಬಾಯಿಪಾಠವಾಗಿದ್ದ ಬೈಬಲ್ಲಿನಿಂದಲೇ ವಾದ. ಓದು ಬಾರದವರಿಗೆ ಯಾರಾದರೂ ಓದಿ ಹೇಳಿದರೆ ಸಾಕಿತ್ತು.

ಬೆಲೆಯ ವಿಷಯವನ್ನು ಲೇಖಕರು ಸುಮ್ನೆ ಬಿಟ್ಟಿದ್ದಾರೆ. ಮೊದಲ ಮುದ್ರಕ ರಾಬರ್ಟ್ ಬೆಲ್ 2 ಶಿಲ್ಲಿಂಗ್ ಇಟ್ಟಿದ್ದ. ಪೇನ್ ಅವನ ಜೊತೆ ಜಗಳ ಮಾಡಿಕೊಂಡು ಬೇರೆ ಕಡೆ ಅರ್ಧ ಬೆಲೆಗೆ ಅಚ್ಚು ಹಾಕಿಸಿದ. ಜಗಳ ಯಾಕೆ ಗೊತ್ತಾ? ತನ್ನ ಪಾಲಿನ ಲಾಭದಲ್ಲಿ ಕೆನಡಾದ ಕ್ವಿಬೆಕ್ ಕಡೆಯ ಅಮೆರಿಕನ್ ಸೈನಿಕರಿಗೆ ಕೈಗವಸು ಕೊಡಿಸಬೇಕು ಅಂತ ಪೇನ್‌ಗೆ ಆಸೆ. ಲಾಭವೇ ಬಂದಿಲ್ಲ ಎಂದುಬಿಟ್ಟ ಬೆಲ್.