ಬಾತ್‌ರೂಮಿನಲ್ಲಿ ಸ್ನಾನ ಮಾಡೋರು ಯಾರು ಅಂತ ಯಾರೂ ಕೇಳಲ್ಲ

ಕೋಲಾರದ ನಮ್ಮ ಮನೆಯಲ್ಲಿ ಹಳೇ ಬಾತ್‌ರೂಮು ಒಡೆದು ಹೊಸದು ಮಾಡಿಸುತ್ತಿದ್ದೇವೆ. ಏಳು ಅಡಿಗೆ ನಾಲ್ಕೂವರೆ ಅಡಿ ಜಾಗ, ಅಷ್ಟೇ. ಅದಕ್ಕೆ ಸಲಹೆ ಕೊಡೋಕೆ ಮಾತ್ರ ಜನವೋ ಜನ. ಮೇಸ್ತ್ರಿ, ಪ್ಲಂಬರ್, ಟೈಲ್ಸ್ ಅಂಗಡಿಯವರು, ವಾಸ್ತು ನೋಡೋರು, ನಮ್ಮ ಯಜಮಾನರ ತಮ್ಮ. ಅಲ್ಲಿ ದಿನಾ ಸ್ನಾನ ಮಾಡೋರು ಯಾರು, ಅದನ್ನು ಉಜ್ಜಿ ತೊಳೆಯೋರು ಯಾರು ಅಂತ ಒಬ್ಬರಾದರೂ ಕೇಳಬೇಕಲ್ವಾ? ಕೇಳಲಿಲ್ಲ. ಸಿಟ್ಟು ನೆತ್ತಿಗೇರಿದೆ.

ನಮ್ಮ ಅತ್ತೆಗೆ ಎರಡೂ ಮಂಡಿ ನೋವು. ಹಳೇ ಬಾತ್‌ರೂಮಿನಲ್ಲಿ ಕಮೋಡಿನಿಂದ ಏಳುವಾಗ ಪಕ್ಕದ ಟವೆಲ್ ರಾಡನ್ನೇ ಹಿಡಿದುಕೊಂಡು ಏಳುತ್ತಿದ್ದರು. ದಿನಾ ಜಗ್ಗಿ ಜಗ್ಗಿ ರಾಡಿನ ಒಂದು ಕಡೆ ಸ್ಕ್ರೂ ಕಿತ್ತು ಬಂದಿತ್ತು. ಮುಟ್ಟಿದರೆ ಗೋಡೆಯ ತೂತಿನಿಂದ ಸಿಮೆಂಟು ಪುಡಿ ಉದುರುತ್ತಿತ್ತು. ಅವರು ಆ ನೇತಾಡೋ ರಾಡನ್ನೇ ಒಂದು ಕೈಲಿ ಹಿಡಿದು, ಇನ್ನೊಂದು ಕೈ ಗೋಡೆಗೆ ಊರಿ, ಉಸಿರು ಬಿಗಿಹಿಡಿದು ಏಳೋದನ್ನ ಕಣ್ಣಾರೆ ನೋಡಿದ್ದೇನೆ. ಹೊಸ ಬಾತ್‌ರೂಮು ಬೇಕು ಅಂತ ನಾನು ಹಟ ಹಿಡಿದಿದ್ದು ಅದಕ್ಕೇ. ಗೋಡೆಗೆ ಗಟ್ಟಿಯಾಗಿ ಬೋಲ್ಟ್ ಹಾಕಿದ ಹಿಡಿ ಕಂಬಿ ಬೇಕು, ಮೈಭಾರ ಪೂರ್ತಿ ಬಿಟ್ಟರೂ ತಡೀಬೇಕು. ಕಮೋಡ್ ಸ್ವಲ್ಪ ಎತ್ತರ ಇರಬೇಕು. ಸೀಟು ನೆಲದಿಂದ ಹದಿನೆಂಟು ಇಂಚಿನ ಹತ್ತಿರ ಬಂದರೆ ಮಂಡಿ ನೋವಿನವರಿಗೆ ಎದ್ದೇಳೋದು ಸುಲಭ. ಇದನ್ನು ಹೇಳಿದರೆ ಮೇಸ್ತ್ರಿ, ‘ಕಂಬಿ ಎಲ್ಲಾ ಆಸ್ಪತ್ರೆ ತರ ಕಾಣ್ತದಕ್ಕಾ, ಲುಕ್ ಹೋಗ್ತದೆ’ ಅಂತಾರೆ. ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರೆ ಲುಕ್ ಬಂದು ಎತ್ತುತ್ತದಾ?

ಬಾಗಿಲಿನ ಗೋಳು ಇನ್ನೊಂದು. ಒಳಗಡೆ ತೆರೆಯೋ ಬಾಗಿಲು ಬೇಡ, ಹೊರಗಡೆ ತೆರೆಯಲಿ ಅಂದೆ. ಇಷ್ಟು ಚಿಕ್ಕ ಜಾಗದಲ್ಲಿ ಯಾರಾದರೂ ಬಾಗಿಲ ಹಿಂದೆ ಬಿದ್ದರೆ, ಹೊರಗಿನವರು ತಳ್ಳಿದಷ್ಟೂ ಬಾಗಿಲು ಬಿದ್ದವರ ಮೈಗೇ ಒತ್ತುತ್ತದೆ. ಒಳಗೆ ಹೋಗೋಕೇ ಆಗಲ್ಲ. ಇದಕ್ಕೆ ಬಂದ ಉತ್ತರ: ‘ಹಾಲ್ ಕಡೆ ಬಾಗಿಲು ತೆಗೆದರೆ ನೆಂಟರ ಮುಂದೆ ಚೆನ್ನಾಗಿರಲ್ಲ.’ ನೆಂಟರು ವರ್ಷಕ್ಕೊಂದು ಸಲ ಬರೋರು. ಅತ್ತೆ ರಾತ್ರಿ ಎಷ್ಟು ಸಲ ಏಳ್ತಾರೆ ಅಂತ ಪಕ್ಕದ ಮಂಚದಲ್ಲಿ ಮಲಗೋ ನನಗೆ ಗೊತ್ತು.

ವಾಸ್ತುವಿನವರು ಬಂದು ಕಮೋಡನ್ನು ಎದುರು ಗೋಡೆಗೆ ತಿರುಗಿಸಿ ಅಂದರು. ನಂಬಿಕೆ ಇರಲಿ, ನಾನು ಬೇಡ ಅನ್ನಲ್ಲ. ಆದರೆ ಕಮೋಡ್ ಅತ್ತ ಹೋದರೆ ನಾಲ್ಕಿಂಚಿನ ಪೈಪು ಉದ್ದ ಆಗುತ್ತೆ. ಅದಕ್ಕೆ ವಾಟ, ಅಂದರೆ ಇಳಿಜಾರು, ಬೇಕು. ಆ ಪೈಪು ಹೋಗಿ ಸೇರೋ ಹೊರಗಿನ ಚೇಂಬರ್ ಗುಂಡಿಯ ಮಟ್ಟ ಇದ್ದಲ್ಲೇ ಇರುತ್ತೆ. ಹಾಗಾದ ಮೇಲೆ ಒಳಗಿನ ನೆಲವನ್ನೇ ಎತ್ತರಿಸಬೇಕು, ಬಾಗಿಲಲ್ಲಿ ಒಂದು ಮೆಟ್ಟಿಲು ಬರುತ್ತೆ. ಮೆಟ್ಟಿಲು ಹತ್ತೋಕಾಗದೆ ಇರೋರಿಗೋಸ್ಕರ ಕಟ್ಟಿಸೋ ಬಾತ್‌ರೂಮಿಗೆ ಮೆಟ್ಟಿಲು! ಇದನ್ನು ಪ್ಲಂಬರ್ ಆವಾಗಲೇ ಬಾಯಿಬಿಟ್ಟು ಹೇಳಬೇಕಿತ್ತು. ಎಲ್ಲರ ಮಾತಿಗೂ ತಲೆಯಾಡಿಸಿಕೊಂಡು ನಿಂತಿದ್ದರು.

ಟೈಲ್ಸ್ ಅಂಗಡಿಯಲ್ಲಿ ಆಗಿದ್ದು ಕೇಳಿ. ನಾನು ಒರಟು ಮೈಯ ಚಿಕ್ಕ ಟೈಲ್ಸ್ ತೋರಿಸಿ ಅಂದೆ, ನೆಲಕ್ಕೆ ಒಂದಡಿಗೆ ಒಂದಡಿಯದು. ಆ ಹುಡುಗ ನನ್ನ ಕಡೆ ತಿರುಗದೆ ಯಜಮಾನರ ಮುಖ ನೋಡಿಕೊಂಡು, ‘ಸಾರ್, ಈಗೆಲ್ಲ ನಾಲ್ಕಡಿ ಎರಡಡಿ ಗ್ಲಾಸಿನೇ ಓಡ್ತಿರೋದು’ ಅಂತ ಕನ್ನಡಿ ತರ ಹೊಳೆಯೋದನ್ನು ಎತ್ತಿ ತಂದ. ಸೋಪಿನ ನೀರು ಬಿದ್ದರೆ ಅದರ ಮೇಲೆ ನಿಲ್ಲೋಕಾಗುತ್ತಾ? ಮೂಲೆಯಲ್ಲಿ ನೀರು ಹೋಗೋ ಜಾಲರಿ ಇದ್ದರೆ ನೆಲ ಎರಡು ಕಡೆಯಿಂದಲೂ ಇಳಿಜಾರಾಗಬೇಕು. ಅಷ್ಟು ದೊಡ್ಡ ಟೈಲು ಒಂದೇ ಕಡೆ ವಾಲುತ್ತೆ, ಇಲ್ಲಾಂದರೆ ಕೋನಕ್ಕೆ ಕತ್ತರಿಸಬೇಕು. ಚಿಕ್ಕದಾದರೆ ವಾಟ ತಾನಾಗೇ ಕೂರುತ್ತೆ. ಆರೇಳು ಅಡಿಗೆ ಕಡಿಮೆ ಅಂದರೂ ಒಂದಿಂಚು ಇಳೀಬೇಕು. ಹಳೇದರಲ್ಲಿ ವಾಟ ಸರಿ ಇಲ್ಲದೆ ವಾಶ್ ಬೇಸಿನ್ ಕೆಳಗೆ ಸದಾ ನೀರು ನಿಲ್ಲುತ್ತಿತ್ತು. ವೈಪರ್ ಹಿಡಿದು ದಿನಾ ತಳ್ಳಿದ್ದು ಯಾರು? ನಾನು.

ಇನ್ನು ನೀರು. ಕೋಲಾರದಲ್ಲಿ ಹುಟ್ಟಿ ಬೆಳೆದವರಿಗೆ ನೀರಿನ ಬಗ್ಗೆ ಹೇಳಬೇಕಾ? ವರ್ಷವಿಡೀ ಹರಿಯೋ ಒಂದು ನದಿ ನಮ್ಮ ಜಿಲ್ಲೆಯಲ್ಲಿಲ್ಲ. ಬೋರು ಸಾವಿರ ಅಡಿ ದಾಟುತ್ತೆ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಬರ್ತಿರೋದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅದು ಅಂತರ್ಜಲ ಏರಲಿ ಅಂತ ಬಿಟ್ಟಿದ್ದು, ನಲ್ಲಿಗೆ ಬರೋದಲ್ಲ. ನಮ್ಮ ಮನೆಗೆ ಬೋರಿನ ಉಪ್ಪು ನೀರೇ ಗತಿ, ಅದಿಲ್ಲದಾಗ ಟ್ಯಾಂಕರ್. ಈ ನೀರಿಗೆ ನಲ್ಲಿ ಬುಡದಲ್ಲಿ ಬಿಳಿ ಕರೆ ಕಟ್ಟಿ ಕಲ್ಲಾಗುತ್ತೆ. ನಿಂಬೆ ಹೋಳು ಹಾಕಿ ಉಜ್ಜಿ ಉಜ್ಜಿ ನನ್ನ ಉಗುರಿನ ಸಂದೆಲ್ಲ ಉರಿದು ಹೋಗಿದೆ. ಶವರಿನ ತೂತುಗಳಿಗೆ ಪಿನ್ನು ಚುಚ್ಚಿದರೆ ಬಿಳಿ ಚೂರು ಉದುರುತ್ತೆ. ಗೀಸರಿನ ಕಾಯಿಲ್ ಅಂತೂ ಸುಣ್ಣದ ಪದರ ಹತ್ತಿ ದಪ್ಪ ಆಗಿತ್ತು, ನೀರು ಬಿಸಿಯಾದಷ್ಟೂ ಅದು ಜಾಸ್ತಿ ಕೂರುತ್ತೆ.

ಇಂಥ ನೀರಿಗೆ ನಮ್ಮ ಮೈದುನನಿಗೆ ಕಪ್ಪು ಬಣ್ಣದ ನಲ್ಲಿಗಳು ಬೇಕಂತೆ, ಒಂದೊಂದು ಹನಿಯೂ ಬಿಳಿ ಚುಕ್ಕೆಯಾಗಿ ಎದ್ದು ಕಾಣೋಕೆ. ‘ಅತ್ತಿಗೆ, ತಲೆ ಮೇಲೆ ರೇನ್ ಶವರ್ ಹಾಕಿಸಿ, ಹೋಟೆಲ್ ತರ ಇರುತ್ತೆ’ ಅಂತಾನೆ. ನೀರಿನ ಒತ್ತಡಕ್ಕೆ ಎತ್ತರ ಬೇಕು. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಕೆಜಿ ಪ್ರೆಶರ್ ಬರುತ್ತೆ. ನಮ್ಮ ತಾರಸಿ ಟ್ಯಾಂಕು ಶವರಿಗಿಂತ ಹತ್ತು ಅಡಿ ಮೇಲಿದ್ದರೆ ಹೆಚ್ಚು, ಅದರಲ್ಲಿ ಮೂರನೇ ಒಂದು ಪಾಲೂ ಬರಲ್ಲ. ರೇನ್ ಶವರಿನಿಂದ ತೊಟ್ಟಿಕ್ಕುತ್ತೆ ಅಷ್ಟೇ. ಪಂಪು ಹಾಕಿಸಿದರೆ ಸರಿಹೋಗುತ್ತಂತೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡಿ ಕಾದು ಕೂರೋ ಮನೆಯಲ್ಲಿ, ಪಂಪು ಹಾಕಿ ನೀರು ಸುರಿಸಬೇಕಾ? ನಮಗೆ ಬಕೆಟ್ಟು, ಮಗ್ಗು, ಅತ್ತೆ ಕೂತು ಸ್ನಾನ ಮಾಡೋಕೆ ಒಂದು ಸ್ಟೂಲು, ಕೈಲಿ ಹಿಡಿಯೋ ಶವರು ಸಾಕು. ನಲ್ಲಿ, ಪೈಪೆಲ್ಲ ಆದಷ್ಟು ಹೊರಗಡೆನೇ ಇರಲಿ. ಗೋಡೆಯೊಳಗೆ ಹುಗಿದ ಜಾಯಿಂಟು ಸೋರಿದರೆ ಟೈಲ್ಸ್ ಒಡೆಯದೆ ಬೇರೆ ದಾರಿ ಇಲ್ಲ. ಆಮೇಲೆ ಅದೇ ಡಿಸೈನಿನ ಟೈಲು ಯಾರು ಹುಡುಕಿಕೊಡ್ತಾರೆ?

ಗೀಸರ್ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಕ್ಷಣ ಲೈನ್ ಕಟ್ ಮಾಡೋ ಸ್ವಿಚ್, ಬೇಕೇ ಬೇಕು ಅಂದಿದ್ದಕ್ಕೂ ಎಲೆಕ್ಟ್ರಿಷಿಯನ್ ಮುಖ ಸಿಂಡರಿಸಿದ. ಒದ್ದೆ ಕೈಲಿ ಸ್ವಿಚ್ ಮುಟ್ಟೋದು ಅವನ ಮನೆಯವರಲ್ಲ.

ಸುಮ್ನೆ ಕಿರುಚಾಡ್ತೀಯ ಅಂತ ಮನೆಯಲ್ಲೂ ನನಗೇ ಹೇಳಿದರು. ಕಿರುಚಾಡದೆ ಏನು ಮಾಡಲಿ? ದುಡ್ಡು ಹೋಗೋದು ನಮ್ಮದು, ಸಾಲದ ಕಂತು ಕಟ್ಟೋರು ನಾವು. ಕಮೋಡ್ ಈಗ ಹಳೇ ಜಾಗದಲ್ಲೇ ಇರುತ್ತೆ, ಅದನ್ನು ಅತ್ತೆ ಬಾಯಿಂದಲೇ ಹೇಳಿಸಿದೆ. ಹಿಡಿ ಕಂಬಿ ಎಲ್ಲೆಲ್ಲಿ ಬರಬೇಕು ಅಂತ ಅವರನ್ನೇ ಕುರ್ಚಿ ಮೇಲೆ ಕೂರಿಸಿ, ಕೈ ಚಾಚಿಸಿ, ಗಾರೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ. ವಾಟರ್ ಪ್ರೂಫಿಂಗ್ ಆದ ಮೇಲೆ ತೂತು ಮುಚ್ಚಿ ಎರಡು ದಿನ ನೀರು ಕಟ್ಟಬೇಕು, ಪಕ್ಕದ ರೂಮಿನ ಗೋಡೆಗೆ ತೇವ ಬರದಿದ್ದರೆ ಮಾತ್ರ ಟೈಲ್ಸ್ ಅಂದಿದ್ದೇನೆ. ‘ಎರಡು ದಿನ ಕೆಲಸ ನಿಂತೋಗ್ತದಕ್ಕಾ’ ಅಂತ ಮೇಸ್ತ್ರಿ ಗೊಣಗಿದರು. ನಿಲ್ಲಲಿ. ಅಲ್ಲೀತನಕ ಬಾಕಿ ದುಡ್ಡು ಕೊಡಲ್ಲ.