ಸಿಮೆಂಟ್ ತೆರಿಗೆ ಇಳಿದರೆ ಫ್ಲಾಟ್ ಅಗ್ಗವೇ?

"ಸಿಮೆಂಟ್ ಜಿಎಸ್‌ಟಿ ಶೇ 10 ಇಳಿದಿದೆ, ಬೆಂಗಳೂರಿನ ಫ್ಲಾಟ್‌ಗಳೂ ಶೇ 10 ಅಗ್ಗ" ಅನ್ನುವ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಅರ್ಧ ಮಾತ್ರ ನಿಜ.

2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ 28ರಿಂದ 18ಕ್ಕೆ ಇಳಿದಿದ್ದು ಹೌದು. ಆದರೆ ಲೆಕ್ಕ ನೋಡಿ. ತೆರಿಗೆ ಬಿಟ್ಟು ಮೂಟೆಗೆ 300 ರೂಪಾಯಿ ಅಂದುಕೊಳ್ಳಿ. ಮೊದಲು 384 ಆಗುತ್ತಿತ್ತು, ಈಗ 354. ಮೂಟೆಯ ಬೆಲೆಯೇ ಶೇ 8ರಷ್ಟೂ ಇಳಿಯಲಿಲ್ಲ, ಅಲ್ವಾ? ಫ್ಲಾಟಿನ ಬೆಲೆಯಲ್ಲಿ ಸಿಮೆಂಟಿನದು ಸಣ್ಣ ಪಾಲು. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಕಡೆ ಜೇಬು ಸುಡುವುದು ಜಾಗದ ರೇಟು.

ಸಂದೇಶದಲ್ಲಿ ಇಲ್ಲದ ಇನ್ನೊಂದು ವಿಷಯ: ಅದೇ ವರ್ಷ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. 80 ಲಕ್ಷದ ಫ್ಲಾಟಿಗೆ ಅದೊಂದೇ 80 ಸಾವಿರ ಜಾಸ್ತಿ.